ಸಪ್ಪೆ ಶ್ರಾವಣ

ಲಕ್ಷ್ಮೀ ಮಾಳವ್ವನನ್ನು ಮೊದಲ ಸಲ ಕಂಡದ್ದು ಬೆರಣಿ ಒಟ್ಟುವ ಕುಳ್ಳಿನ ಗೂಡಿನಲ್ಲಿ.

ಹೊಳೆಆಲೂರಿನ ಆ ಮನೆಗೆ ಆಕೆ ಸೊಸೆಯಾಗಿ ಬಂದು ಎರಡು ದಿನ ಕಳೆದಿದ್ದವು. ಬೆಳಗ್ಗೆ ಅತ್ತೆ ತಿಪ್ಪವ್ವ ಒಲೆ ಹಚ್ಚಲು ಕುಳ್ಳು ತಾ ಎಂದಳು. ಹಿತ್ತಲ ಬಾಗಿಲು ತೆಗೆದರೆ ಎಡಕ್ಕೆ ಎಮ್ಮೆಯ ಗೋದಲಿ, ಬಲಕ್ಕೆ ಬೇವಿನ ಗಿಡ. ಗಿಡದ ಕೆಳಗೆ ಮೋಟು ಗೋಡೆ ಎಬ್ಬಿಸಿ ತಗಡು ಹೊದಿಸಿದ ಗೂಡು. ಬುಟ್ಟಿಯನ್ನು ಕಂಕುಳಲ್ಲಿ ಹಿಡಿದು ಬಗ್ಗಿ ಒಳಗೆ ಹೋದಳು. ಹೊರಗಿನ ಬೆಳಕಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಎರಡು ಪಾದ ಕಂಡವು. ಹಿಮ್ಮಡಿ ಒಡೆದಿತ್ತು, ಉಗುರು ಬೆಳೆದಿದ್ದವು, ಬೆರಳಲ್ಲಿ ಬೆಳ್ಳಿಯ ಕಾಲುಂಗುರ ಇದ್ದವು. ಗೋಡೆಗೆ ಬೆನ್ನು ಹಚ್ಚಿ, ಮೊಣಕಾಲು ಅಪ್ಪಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಸೀರೆಯ ಮೇಲೆ ಕುಳ್ಳಿನ ಪುಡಿ ಉದುರಿತ್ತು. ಕೂದಲು ಜಡೆಗಟ್ಟಿ ಒಂದೇ ಬದಿಗೆ ಜೋತಿತ್ತು.

ಲಕ್ಷ್ಮೀ ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಓಡಲಿಲ್ಲ. ಹೊಸ ಸೊಸೆ ಬರಿಗೈಯಲ್ಲಿ ಹೋದರೆ ಅತ್ತೆ ಏನೆಂದಾಳೋ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಕೈಗೆ ಸಿಕ್ಕ ಕುಳ್ಳನ್ನು ಎತ್ತಿ ಬುಟ್ಟಿಗೆ ಹಾಕತೊಡಗಿದಳು.

"ಅವು ಹಸಿ ಅದಾವ," ಎಂದಳು ಆ ಹೆಂಗಸು. ದನಿ ಬಾವಿಯೊಳಗಿಂದ ಬಂದಂತಿತ್ತು. "ಹೊಗಿ ಎಬ್ಬಸ್ತಾವ. ಅತ್ತಿ ಬೈತಾಳ. ಆ ಮೂಲ್ಯಾಗಿನವು ತಗೋ."

ಮೂಲೆಯವು ಒಣಗಿ ಹಗುರಾಗಿದ್ದವು. ಲಕ್ಷ್ಮೀ ಬುಟ್ಟಿ ತುಂಬಿಕೊಂಡು ಕೇಳಿದಳು: "ನೀವು ಯಾರ್ರಿ?"

"ನಾನಾ? ನಾನು ಮೊದಲನೇಕಿ."

ಅಷ್ಟು ಹೇಳಿ ಆಕೆ ಮುಖವನ್ನು ಮೊಣಕಾಲಿನಲ್ಲಿ ಇಟ್ಟುಕೊಂಡಳು. ಲಕ್ಷ್ಮೀ ಎಷ್ಟು ಹೊತ್ತು ನಿಂತರೂ ಮತ್ತೆ ಎತ್ತಲಿಲ್ಲ.

ಲಕ್ಷ್ಮೀ ಗಜೇಂದ್ರಗಡದ ಕಡೆಯವಳು. ತಂದೆ ಇರಲಿಲ್ಲ. ಸಂಬಂಧ ಕುದುರಿಸಿದ ಸೋದರಮಾವ ಹೇಳಿದ್ದು ಇಷ್ಟೇ: ಶಿವನಪ್ಪ ಚಲೋ ಮನುಷ್ಯ, ಹೊಲ ಐತಿ, ಮೊದಲನೆಯ ಹೆಂಡತಿಗೆ ತಲೆ ಸರಿ ಇಲ್ಲ, ಕೊಣ್ಣೂರಿನ ತವರಿಗೆ ಹೋಗಿದ್ದಾಳೆ, ಇನ್ನು ಬರುವುದಿಲ್ಲ. ಕಾಯ್ದೆಯಲ್ಲಿ ಇಂಥ ಮದುವೆಗೆ ಜಾಗವಿಲ್ಲ. ಊರಿನಲ್ಲಿತ್ತು. ಮೊದಲನೆಯವಳ ಅಣ್ಣನೇ ಹಿರಿಯರ ಮುಂದೆ ಕೂತು ಹೂಂ ಅಂದಿದ್ದನಂತೆ.

ಸಂಜೆ ಗಂಡನನ್ನು ಕೇಳಿದಾಗ ಶಿವನಪ್ಪ ಎತ್ತಿನ ಕಣ್ಣಿ ಬಿಗಿಯುತ್ತಲೇ ಇದ್ದ. "ಅಕಿನ್ನ ಅವರಣ್ಣ ಒಂದು ತಿಂಗಳು ಇಟಗೊಂಡ, ಆಮ್ಯಾಲ ಬಸ್ಸ ಹತ್ತಿಸಿ ಕಳಿಸಿದ. ಒಳಗ ಬಾ ಅಂದ್ರ ಬರೂದಿಲ್ಲ. ನಾ ಏನ ಮಾಡ್ಲಿ?"

"ದವಾಖಾನಿಗೆ ತೋರಿಸೀರಿ?"

"ದೇವರಿಗೆ ತೋರಿಸೇವಿ. ತಾಯತ ಕಟ್ಟಿಸೇವಿ. ನೋಡೂಣು."

ನೋಡೂಣು ಎನ್ನುವುದು ಶಿವನಪ್ಪನ ಊರುಗೋಲು. ಕೆಟ್ಟವನಲ್ಲ, ಆದರೆ ಆ ಕೋಲು ಊರಿಕೊಂಡು ಎಲ್ಲಿಗೂ ಹೋಗುತ್ತಿರಲಿಲ್ಲ.

ಮಾಳವ್ವನ ಕಥೆಯನ್ನು ಲಕ್ಷ್ಮೀ ಓಣಿಯವರ ಬಾಯಿಂದ ತುಣುಕು ತುಣುಕಾಗಿ ಕೂಡಿಸಿಕೊಂಡಳು. ಕೆಲವು ತಿಂಗಳು ಆಕೆಗೆ ನಿದ್ದೆಯೇ ಬೇಕಾಗುತ್ತಿರಲಿಲ್ಲವಂತೆ. ಜೋಳದ ಚೀಲ ಬಿಚ್ಚಿ ದಾರಿಹೋಕರಿಗೆ ಹಂಚುವಳು, ಹಾಡುವಳು, ಸ್ಟೇಷನ್ನಿಗೆ ಹೋಗಿ ಬಂದ ರೈಲು ಹತ್ತಿಬಿಡುವಳು. ಗಂಡ ಒಮ್ಮೆ ಬಾಗಲಕೋಟೆಯಿಂದ, ಒಮ್ಮೆ ಸೊಲ್ಲಾಪುರದಿಂದ ಹುಡುಕಿ ತಂದಿದ್ದ. ಆ ಏರು ಇಳಿದ ಮೇಲೆ ಈ ಗೂಡು. ಆಗ ಉಣ್ಣುವುದೂ ಬೇಡ, ಮಾತೂ ಬೇಡ.

ಓಣಿ ಆಕೆಯನ್ನು ಹುಚ್ಚಿ ಎನ್ನುತ್ತಿತ್ತು. ಲಕ್ಷ್ಮೀಗೆ ಮಾತ್ರ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಯಾವ ಕುಳ್ಳು ಹಸಿ, ಯಾವುದು ಒಣಗಿದ್ದು ಎಂದು ಬಲ್ಲವಳು, ಹೊಸಬಳು ಬೈಸಿಕೊಳ್ಳಬಾರದೆಂದು ಹೇಳಿಕೊಟ್ಟವಳು ಹೇಗೆ ಹುಚ್ಚಿಯಾದಾಳು? ತಾಟಿನಲ್ಲಿ ರೊಟ್ಟಿ, ಪಲ್ಯ ಹಾಕಿಕೊಂಡು ಗೂಡಿಗೆ ಹೋಗತೊಡಗಿದಳು. ಮಾಳವ್ವ ಮುಟ್ಟದಿದ್ದರೆ ತಾನೇ ಅಲ್ಲಿ ಕೂತು ಒಂದು ತುತ್ತು ತಿನ್ನುವಳು, ಆಮೇಲೆ ಆಕೆ ಒಂದು ತುತ್ತು ತಿನ್ನುವಳು. ಹೀಗೆ ಇಬ್ಬರೂ ಒಂದೇ ತಾಟಿಗೆ ಬಿದ್ದರು.

"ಸವತಿಗಳು ಒಂದ ತಾಟಿನ್ಯಾಗ ಉಂಡದ್ದು ಈ ಊರಾಗ ನಾ ಕಂಡಿಲ್ಲ ಬಿಡವ್ವಾ," ಎಂದು ಪಕ್ಕದ ಮನೆಯ ಸಕ್ಕೂಬಾಯಿ ಗೋಡೆಯ ಮೇಲಿಂದ ನಕ್ಕಳು. "ಒಂದ ಗಂಡ ಸಾಕಾಗಲಿಲ್ಲ ಅಂತ ತಾಟೂ ಒಂದ ಮಾಡಿದ್ರೇನು?"

ಬಳೆ ಮಾರುವ ಗುಲ್ಷನಬಿ ರೋಣದವಳು. ಬಳೆಗಳ ಮಲಾರ ಹೊತ್ತು ಹಳ್ಳಿ ತಿರುಗುವಳು. ಒಂದು ದಿನ ಲಕ್ಷ್ಮೀಗೆ ಬಳೆ ಇಡುತ್ತ, ಹಿತ್ತಲಲ್ಲಿ ಕೂತ ಮಾಳವ್ವನನ್ನು ಬಹಳ ಹೊತ್ತು ನೋಡಿದಳು.

"ನನ್ನ ತಮ್ಮನೂ ಹಿಂಗ ಇದ್ದನವ್ವ. ಈಗ ಪಂಕ್ಚರ್ ಅಂಗಡಿ ನಡಸ್ತಾನ. ರೋಣದ ದವಾಖಾನ್ಯಾಗ ತಿಂಗಳಿಗೊಮ್ಮೆ ಮಂಗಳವಾರ ಮನಸ್ಸಿನ ಡಾಕ್ಟರ್ ಬರ್ತಾರ. ಗುಳಿಗಿ ಅಲ್ಲೇ ಕೊಡ್ತಾರ. ಆದರ ಒಂದು ಮಾತು. ಗುಳಿಗಿ ಕೊಡಾವ್ರು ಡಾಕ್ಟರ್, ನುಂಗಸಾವ್ರು ಮನಿಯವ್ರು. ಮನ್ಯಾಗ ಒಬ್ಬರರ ಬೆನ್ನ ಹತ್ತಲಿಲ್ಲಂದ್ರ ಏನೂ ಆಗೂದಿಲ್ಲ."

ಲಕ್ಷ್ಮೀ ಅಂದೇ ಮನೆಯಲ್ಲಿ ಮಾತೆತ್ತಿದಳು. ತಿಪ್ಪವ್ವ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಅಕಿ ಆರಾಮಾದ್ರ ನಿನಗೇನ ಸಿಗತೈತಿ ಹೇಳು? ಅಕಿ ಮೊದಲ ಅಕ್ಷತಾ ಬಿದ್ದ ಹೆಂಡ್ತಿ. ಎದ್ದು ಒಳಗ ಬಂದ್ಲಂದ್ರ ನೀ ಎಲ್ಲಿ ನಿಂದರ್ತಿ? ನಿನ್ನ ಕಾಲಿನ ಮ್ಯಾಲ ನೀನ ಕೊಡ್ಲಿ ಹಾಕ್ಕೋತೀಯಲ್ಲ, ಹುಚ್ಚಿ ಅಕಿಯೋ ನೀನೋ?"

ಅದು ಸುಳ್ಳಾಗಿರಲಿಲ್ಲ. ಲಕ್ಷ್ಮೀ ಆ ಮಾತನ್ನು ರಾತ್ರಿಯೆಲ್ಲ ಹೊರಳಾಡಿಸಿ ನೋಡಿದಳು. ಬೆಳಗ್ಗೆ ಎದ್ದವಳು ಅತ್ತೆಗೆ ಹೇಳಿದಳು: "ಅತ್ತೀ, ಅಕಿ ಗೂಡಿನ್ಯಾಗ ಕುಂತಾಗ ನನಗ ಒಳಗ ಕುಂದರಾಕ ಆಗೂದಿಲ್ಲ. ನನಗೂ ಹಿಂಗ ಏನರ ಆತಂದ್ರ, ಈ ಮನ್ಯಾಗ ನನ್ನ ಜಾಗಾನೂ ಆ ಗೂಡ ಅಲ್ಲೇನು?"

ಶಿವನಪ್ಪ ನೋಡೂಣು ಎನ್ನಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಡಾಕ್ಟರ್ ಬರುವ ಮಂಗಳವಾರ ಗಂಡ ಹೆಂಡತಿ ಮಾಳವ್ವನನ್ನು ಕರೆದುಕೊಂಡು ರೋಣದ ಬಸ್ಸು ಹತ್ತಿದರು.

ಡಾಕ್ಟರಬಾಯಿ ಚಿಕ್ಕ ವಯಸ್ಸಿನವರು. ಇದು ಮನಸ್ಸು ಒಮ್ಮೆ ಮೇಲಕ್ಕೇರಿ ಒಮ್ಮೆ ಕೆಳಕ್ಕಿಳಿಯುವ ಕಾಯಿಲೆ, ದೆವ್ವವಲ್ಲ, ಯಾರ ಶಾಪವೂ ಅಲ್ಲ ಎಂದರು. ಕೆಲವು ತಿಂಗಳು ಬೇರೆ ಬೇರೆ ಗುಳಿಗೆ ಕೊಟ್ಟು ನೋಡಿ, ಗದಗಿನಲ್ಲಿ ರಕ್ತ ತಪಾಸಣೆ ಮಾಡಿಸಿ, ಕೊನೆಗೆ ಲಿಥಿಯಂ ಎಂಬ ಗುಳಿಗೆಗೆ ಬಂದು ನಿಂತರು. "ಇದು ಚಲೋ ಗುಳಿಗಿ, ಆದರ ಸೂಕ್ಷ್ಮದ್ದು. ನೀರು ಭಾಳ ಕುಡೀಬೇಕು. ಊಟ, ಉಪ್ಪು ಎಂದಿನಂಗ ಇರಲಿ. ಏನರ ಬದಲ ಮಾಡೂದಿದ್ರ ನನ್ನ ಕೇಳಿ ಮಾಡ್ರಿ."

ನೀರಿನ ಮಾತು ಲಕ್ಷ್ಮೀಯ ತಲೆಯಲ್ಲಿ ನಿಂತಿತು. ಮಾಳವ್ವ ಹೊಲಕ್ಕೆ ಹೋದರೆ ಎರಡು ಬಾಟಲಿ ಕೊಟ್ಟು ಕಳಿಸುವಳು. ಉಪ್ಪಿನ ಮಾತು ನಿಲ್ಲಲಿಲ್ಲ. ಔಷಧಿ ತಿನ್ನುವವರು ಉಪ್ಪು, ಹುಳಿ, ಖಾರ ಹೆಚ್ಚು ಮಾಡಬಾರದು ಎಂಬುದು ಆ ಸೀಮೆಯಲ್ಲಿ ಕೂಸಿಗೂ ಗೊತ್ತಿರುವ ಪಥ್ಯ. ಹೆಚ್ಚಾಗದಂತೆ ನೋಡಿಕೊಂಡರೆ ಸಾಕು ಎಂದುಕೊಂಡಳು.

ಗುಳಿಗೆ ನುಂಗಿಸುವುದು ಸುಲಭವಾಗಲಿಲ್ಲ. ಮೊದಮೊದಲು ಮಾಳವ್ವ ದವಡೆಯಲ್ಲಿಟ್ಟುಕೊಂಡು ಆಮೇಲೆ ಬೂದಿಯಲ್ಲಿ ಉಗುಳುವಳು. ರೊಟ್ಟಿಯಲ್ಲಿ ಮುಚ್ಚಿ ಕೊಡು ಎಂದು ಶಿವನಪ್ಪ ಹೇಳಿದ. ಲಕ್ಷ್ಮೀ ಒಪ್ಪಲಿಲ್ಲ. "ಒಮ್ಮೆ ರೊಟ್ಟಿ ಮ್ಯಾಲಿನ ನಂಬಿಗಿ ಹೋತಂದ್ರ ರೊಟ್ಟಿನೂ ಹೋತು, ಗುಳಿಗಿನೂ ಹೋತು." ಗುಳಿಗೆಯನ್ನು ತಾಟಿನ ಅಂಚಿನಲ್ಲಿ, ಚಟ್ನಿಯ ಪಕ್ಕ, ಕಾಣುವ ಹಾಗೆ ಇಟ್ಟಳು. ಅದು ಹೋಗುವವರೆಗೆ ತಾನು ತುತ್ತು ಎತ್ತಲಿಲ್ಲ. ಮಾಳವ್ವ ಹಟಕ್ಕೆ ಬಿದ್ದರೆ ಲಕ್ಷ್ಮೀಯೂ ಹಟಕ್ಕೆ ಬೀಳುವಳು. ಎದುರುಬದುರು ಕೂತ ಇಬ್ಬರ ರೊಟ್ಟಿಯೂ ಆರಿ ಸೆಟೆದುಕೊಳ್ಳುವವು.

"ನೀ ಉಣ್ಣು ಮಾರಾಯ್ತಿ, ಹಸದ ಸಾಯಬ್ಯಾಡ," ಎನ್ನುತ್ತ ಒಂದು ದಿನ ಮಾಳವ್ವ ಗುಳಿಗೆ ನುಂಗಿ, ನಾಲಿಗೆ ಚಾಚಿ ತೋರಿಸಿದಳು. ಅಂದಿನಿಂದ ಅದು ಊಟದ ಒಂದು ಭಾಗವಾಯಿತು. ಮಲಪ್ರಭೆ ಉಕ್ಕಿ ಹೊಳೆದಂಡೆಯ ಓಣಿಗಳಿಗೆ ನೀರು ಹೊಕ್ಕ ವರ್ಷ, ಎಲ್ಲರೂ ಎತ್ತರದಲ್ಲಿದ್ದ ಶಾಲೆಗೆ ಹೋಗುವಾಗ, ತಿಪ್ಪವ್ವ ದೇವರ ಪೆಟ್ಟಿಗೆ ಹೊತ್ತಳು, ಲಕ್ಷ್ಮೀ ಗುಳಿಗೆಯ ಸ್ಟೀಲ್ ಡಬ್ಬಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಮಾಳವ್ವ ನಿಧಾನಕ್ಕೆ ತನ್ನ ಜಾಗಕ್ಕೆ ಮರಳಿದಳು. ಮೊದಲು ಪಡಸಾಲೆಗೆ, ಆಮೇಲೆ ಅಡಿಗೆಮನೆಗೆ. ಆಕೆ ಬಡಿದ ರೊಟ್ಟಿ ಹಾಳೆಯ ಹಾಗೆ ತೆಳ್ಳಗೆ ಬರುತ್ತಿತ್ತು. ಹೊಲಕ್ಕೂ ಹೋಗತೊಡಗಿದಳು. ಒಂದು ಮಧ್ಯಾಹ್ನ ಆಕೆ ಹಳೆಯದೇನೋ ನೆನಪು ಮಾಡಿ ಹೇಳಿದ್ದಕ್ಕೆ ಶಿವನಪ್ಪ ಗಟ್ಟಿಯಾಗಿ ನಕ್ಕ. ಲಕ್ಷ್ಮೀ ಗಂಡನ ಆ ನಗುವನ್ನು ಎಂದೂ ಕೇಳಿರಲಿಲ್ಲ. ಆ ದಿನ ಡಬ್ಬಿಯ ಮುಚ್ಚಳ ತೆಗೆದ ಆಕೆಯ ಕೈ ಅಲ್ಲೇ ನಿಂತಿತು. ಇವತ್ತು ಮರೆತೆ ಎಂದರೆ? ನಾಳೆಯೂ ಮರೆತರೆ? ಯಾರು ಕೇಳುತ್ತಾರೆ? ಅಷ್ಟರಲ್ಲಿ ಒಳಗಿನಿಂದ ಮಾಳವ್ವ ಕೂಗಿದಳು: "ಲಕ್ಷ್ಮೀ, ತಾಟು ಹಚ್ಚೀನಿ ಬಾರ, ಆರತೈತಿ." ಲಕ್ಷ್ಮೀ ಗುಳಿಗೆ ತೆಗೆದುಕೊಂಡು ಹೋದಳು. ತನ್ನ ಮನಸ್ಸಿನಲ್ಲಿ ಬಂದುಹೋದದ್ದನ್ನು ಆಕೆ ಯಾರಿಗೂ ಹೇಳಲಿಲ್ಲ, ಮರೆಯಲೂ ಇಲ್ಲ.

ಲಕ್ಷ್ಮೀಗೆ ಮೊದಲೆರಡು ಬಸಿರು ನಿಂತಿರಲಿಲ್ಲ. ಮೂರನೆಯದು ಐದು ತಿಂಗಳು ದಾಟಿದಾಗ ಶ್ರಾವಣ ಬಂತು. ಮಾಳವ್ವ ಬೀರಪ್ಪನ ಗುಡಿಗೆ ಹೋಗಿ ಬಂದು, ಹಣೆಯ ಭಂಡಾರ ಒರೆಸಿಕೊಳ್ಳದೆ ಹೇಳಿದಳು: "ಈ ತಿಂಗಳು ಪೂರಾ ಉಪ್ಪು ಬಿಟ್ಟೀನಿ. ಲಕ್ಷ್ಮೀ ಹೊಟ್ಟ್ಯಾಗಿನ ಕೂಸು ಸುಖದಾಗ ಇಳೀಲಿ ಅಂತ ಬೀರಪ್ಪಗ ಹರಕಿ ಹೊತ್ತೀನಿ."

ಲಕ್ಷ್ಮೀ ಆಕೆಯ ಕೈ ಹಿಡಿದುಕೊಂಡಳು. ತಿಪ್ಪವ್ವನಿಗೂ ಮೊದಲ ಸಲ ಮೊದಲ ಸೊಸೆಯ ಮೇಲೆ ಪ್ರೀತಿ ಬಂತು. ಹೇಗೂ ಔಷಧಿಯವಳು, ಉಪ್ಪು ಬಿಟ್ಟರೆ ಮೈಗೂ ಒಳ್ಳೆಯದೇ ಎಂದು ಲಕ್ಷ್ಮೀ ಮಾಳವ್ವನ ಪಾಲಿನ ಬೇಳೆ, ಪಲ್ಯವನ್ನು ಬೇರೆ ತೆಗೆದು ಸಪ್ಪಗೆ ಮಾಡತೊಡಗಿದಳು. ಒಂದೇ ತಾಟು ಎರಡಾಯಿತು. ಗುಳಿಗೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಅದು ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕಾಲ. ಮಾಳವ್ವ ಬಿಸಿಲಲ್ಲಿ ಬೆವರು ಸುರಿಸಿ, ಸಂಜೆ ಬಂದು ಸಪ್ಪೆ ಉಂಡು ಮಲಗುವಳು.

ಮೊದಲು ಕೈ ನಡುಗಿತು. ರೊಟ್ಟಿ ಬಡಿಯುವಾಗ ಅಂಚು ಹರಿಯತೊಡಗಿತು. ದಣಿವು ಅಂದುಕೊಂಡರು. ಆಮೇಲೆ ವಾಂತಿ, ಭೇದಿ. ಒಂದು ಬೆಳಗ್ಗೆ ಎಮ್ಮೆಗೆ ನೀರು ಒಯ್ಯುತ್ತಿದ್ದವಳು ಕುಡಿದವರ ಹಾಗೆ ತೂರಾಡಿ, ಕೊಡ ಸಮೇತ ಬಿದ್ದಳು. ಲಕ್ಷ್ಮೀ ಓಡಿಹೋಗಿ ಹಿಡಿದಾಗ ಮಾಳವ್ವನ ನಾಲಿಗೆ ತೊದಲುತ್ತಿತ್ತು.

"ಮತ್ತ ಸುರು ಆತು ನೋಡು," ಎಂದಳು ತಿಪ್ಪವ್ವ.

"ಇದು ಆ ಬ್ಯಾನಿ ಅಲ್ಲ ಅತ್ತೀ. ಅದು ನನಗ ಗೊತ್ತೈತಿ. ಇದು ಬ್ಯಾರೆ." ಲಕ್ಷ್ಮೀ ಗಂಡನ ಕಡೆ ತಿರುಗಿದಳು. "ಟಂಟಂ ಗಾಡಿ ತರ್ರಿ. ಈಗಿಂದೀಗ."

ರೋಣದಿಂದ ಗದಗಿಗೆ ಕಳಿಸಿದರು. ಅಲ್ಲಿ ರಕ್ತ ನೋಡಿ, ಗುಳಿಗೆ ನಿಲ್ಲಿಸಿ, ಸಲಾಯಿನ್ ಹಚ್ಚಿದರು. ಫೋನಿನಲ್ಲಿ ಸುದ್ದಿ ಕೇಳಿದ ಡಾಕ್ಟರಬಾಯಿ ಮರುದಿನ ತಾವೇ ಬಂದರು. ಊಟದಲ್ಲಿ ಏನಾದರೂ ಬದಲಾಗಿತ್ತೇ ಎಂದು ಕೇಳಿದಾಗ ಲಕ್ಷ್ಮೀ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು: "ಉಪ್ಪು ಬಿಟ್ಟಾರ್ರಿ, ಹರಕಿಗೆ."

ಡಾಕ್ಟರಬಾಯಿ ಬೈಯಲಿಲ್ಲ. ಬಳಿಯ ಸ್ಟೂಲು ಎಳೆದುಕೊಂಡು ಕೂತರು. "ಈ ಗುಳಿಗಿನೂ ಉಪ್ಪಿನ ಜಾತಿದ ಅವ್ವಾ. ಊಟದಾಗಿನ ಉಪ್ಪು ನಿಂತ್ರ ಮೈ ಈ ಗುಳಿಗೀನ್ನ ಹೊರಗ ಬಿಡೂದಿಲ್ಲ, ಹಿಡದಿಟಗೋತೈತಿ. ಒಳಗ ತುಂಬಿ ವಿಷ ಆಗತೈತಿ. ನಾನು ಅವತ್ತ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು. ಶ್ರಾವಣದಾಗ ಉಪ್ಪು ಬಿಡ್ತಾರ ಅನ್ನೂದು ನನ್ನ ತಲ್ಯಾಗ ಬರಲಿಲ್ಲ." ನಾಲ್ಕು ದಿನ ಇಟ್ಟುಕೊಂಡು, ರಕ್ತ ಸರಿಹೋದ ಮೇಲೆ ಮನೆಗೆ ಕಳಿಸಿದರು. ತಾವು ರೋಣಕ್ಕೆ ಬರುವ ಮುಂದಿನ ಮಂಗಳವಾರ ಬಂದು ಗುಳಿಗೆ ಮತ್ತೆ ಸುರುಮಾಡಬೇಕು, ಬಿಟ್ಟರೆ ಹಳೆಯ ಕಾಯಿಲೆ ತಿರುಗಿ ಬರುತ್ತದೆ ಎಂದರು.

ರೈಲಿನಲ್ಲಿ ಬರುವಾಗ ಮಾಳವ್ವ ಕಿಟಕಿಗೆ ಒರಗಿ ಮಲಗಿದ್ದಳು. ಲಕ್ಷ್ಮೀ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

ಊರಿಗೆ ಅವರಿಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಅರ್ಧ ಊರು ಗುಳಿಗೆ ತಿಂದು ತಿಂದು ಹಿಂಗಾಯಿತು ಎನ್ನುತ್ತಿತ್ತು. ಇನ್ನರ್ಧ ದನಿ ಇಳಿಸಿ ಬೇರೆಯೇ ಹೇಳುತ್ತಿತ್ತು: ಬಸಿರಿ ಸೊಸೆ ಸವತಿಗೆ ಏನೋ ಹಾಕಿದಳು. ಯಾಕೆ ಹಾಕಬಾರದು? ಕೂಸು ಬರುತ್ತದೆ, ಆಸ್ತಿಗೆ ಅಡ್ಡ ಯಾಕೆ ಇರಲಿ?

ಕೊಣ್ಣೂರಿನಿಂದ ಮಾಳವ್ವನ ಅಣ್ಣ ಕನಕರಾಜ ಬಂದ. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತ. ತಿಪ್ಪವ್ವ ನೀರು ಕೊಡುತ್ತಲೇ ಚುಚ್ಚಿದಳು: "ಪಂಚಮಿಗೆ ತಂಗೀನ್ನ ಉಂಡಿ ತಿನ್ನಾಕ ಒಂದ ವರ್ಷರ ಕರೀಲಿಲ್ಲ. ಈಗ ದಾರಿ ಸಿಕ್ತೇನಪಾ?"

"ಈಗರ ಬಂದೀನಲ್ಲ ಅತ್ತೀ. ಮಾತು ಸಣ್ಣದು. ಆ ಗುಳಿಗಿ ಇನ್ನ ಬ್ಯಾಡ. ಗುಳಿಗಿನ ನನ್ನ ತಂಗೀನ್ನ ಕೊಲ್ಲಾಕ ಹತ್ತಿದ್ದು. ಮಾಳೂನ್ನ ನಾ ಕರಕೊಂಡ ಹೋಗ್ತೀನಿ. ನಮ್ಮ ಕಡೆ ಒಬ್ಬರು ನಾರು ಬೇರು ಕೊಡಾವ್ರು ಅದಾರ."

ಬಾಗಿಲಲ್ಲಿ ಸಕ್ಕೂಬಾಯಿ ನಿಂತಿದ್ದಳು, ಆಕೆಯ ಹಿಂದೆ ಓಣಿಯ ಮೂರ್ನಾಲ್ಕು ಹೆಂಗಸರು. ಶಿವನಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

ಅಡಿಗೆಮನೆಯ ಹೊಸ್ತಿಲಲ್ಲಿ ನಿಂತ ಲಕ್ಷ್ಮೀಗೆ ದಾರಿ ಎರಡೇ ಎಂಬುದು ಸ್ಪಷ್ಟವಾಗಿತ್ತು. ಸುಮ್ಮನಿದ್ದರೆ ತಪ್ಪು ಗುಳಿಗೆಯ ತಲೆಗೆ ಹೋಗುತ್ತದೆ. ತನ್ನ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ. ಆದರೆ ಮಾಳವ್ವ ಕೊಣ್ಣೂರಿಗೆ ಹೋಗುತ್ತಾಳೆ, ಗುಳಿಗೆ ನಿಲ್ಲುತ್ತದೆ, ಒಂದು ದಿನ ಮತ್ತೆ ಯಾವುದೋ ರೈಲು ಹತ್ತುತ್ತಾಳೆ. ಖರೆ ಹೇಳಿದರೆ, ಸಪ್ಪೆ ಅಡಿಗೆ ಮಾಡಿ ಬಡಿಸಿದವಳು ತಾನೇ ಎಂದು ಓಣಿಯ ಬಾಯಿಗೆ ಜಗಿಯಲು ಕಡಲೆ ಹಾಕಿದಂತೆ.

ಆಕೆ ಪಡಸಾಲೆಯ ನಡುವೆ ಬಂದು ನಿಂತಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಗುಳಿಗಿ ತಪ್ಪಲ್ರಿ ಅಣ್ಣಾರ. ತಪ್ಪು ನನ್ನ ಒಲಿದು. ಆ ಗುಳಿಗಿ ತಿನ್ನಾವ್ರು ಉಪ್ಪು ಬಿಡಬಾರದಿತ್ತು. ಡಾಕ್ಟರ್ ಹೇಳಿದ್ರು, ನಾ ಲಕ್ಷ್ಯ ಇಡಲಿಲ್ಲ. ಉಪ್ಪಿಲ್ಲದ ಅಡಿಗಿ ಮಾಡಿ, ಕೈಯಾರೆ ನೀಡಿದಾಕಿ ನಾನು."

"ಏನವ್ವಾ, ತಾನ ಒಪ್ಪಿದ್ಲಲ್ಲ!" ಎಂದಳು ಸಕ್ಕೂಬಾಯಿ.

ಕನಕರಾಜ ಎದ್ದು ನಿಂತ. "ಅಂದ್ರ ನೀನ ವಿಷ ಹಾಕಿದಂಗ ಆತು."

"ಹೆಂಗರ ಅನ್ರಿ. ಕಟ್ಟಿಮ್ಯಾಲ ಕುಂತು ಅನ್ರಿ, ಬೇಕಂದ್ರ ಠಾಣೇಕ ಹೋಗಿ ಅನ್ರಿ, ನಾನೂ ಬರ್ತೀನಿ. ಅಲ್ಲೂ ಇದನ್ನ ಹೇಳ್ತೀನಿ. ನನ್ನ ಮ್ಯಾಲ ಏನ ಹಾಕ್ತೀರಿ ಹಾಕ್ರಿ, ಗುಳಿಗಿ ಮ್ಯಾಲ ಮಾತ್ರ ಹಾಕಬ್ಯಾಡ್ರಿ. ಅಕ್ಕ ಅದನ್ನ ಬಿಟ್ರ ಉಳಿಯೂದಿಲ್ಲ."

ಹೊರಸಿನ ಮೇಲೆ ಮಲಗಿದ್ದ ಮಾಳವ್ವ ಮೊಣಕೈ ಊರಿ ಎದ್ದು ಕೂತಳು. ದನಿ ಇನ್ನೂ ಸೋತಿತ್ತು.

"ಎಲ್ಲಾರೂ ಅಕಿನ್ನ ಕೇಳ್ತೀರಿ. ಗುಳಿಗಿ ತಿನ್ನಾಕಿ ನಾನು, ಹರಕಿ ಹೊತ್ತಾಕಿ ನಾನು. ನನ್ನ ಒಬ್ಬರೂ ಕೇಳವಲ್ರಿ."

"ಹೇಳಬೇ ಮಾಳೂ," ಎಂದ ಕನಕರಾಜ, ಸ್ವಲ್ಪ ಮೆತ್ತಗಾಗಿ.

"ಅಣ್ಣಾ, ನನಗೂ ಸಾಕಾಗೈತಿ. ಗದಗಿನ್ಯಾಗ ಮಲಗಿದಾಗ ಇನ್ನ ಮುಟ್ಟೂದಿಲ್ಲ ಅಂತ ಅನಿಸಿತ್ತು. ನಡಗಿದ್ದು ನನ್ನ ಕೈ, ನಿಂದಲ್ಲ. ಆದರ ಕುಳ್ಳಿನ ಗೂಡಿನ್ಯಾಗ ಕುಂತಾಕಿನೂ ನಾನ. ಅಲ್ಲಿ ಕುಂತಾಗ ನೀ ಬರಲಿಲ್ಲ. ಬಸ್ಸ ಹತ್ತಿಸಿ ಕಳಿಸಿದಿ. ಅದರ ಸಿಟ್ಟು ನನಗಿಲ್ಲ, ನಿನಗೂ ಮಕ್ಕಳು ಮರಿ ಅದಾವ. ಆದರ ಮತ್ತ ಅಲ್ಲಿ ಕುಂದರಾಕ ನನ್ನ ಕೈಲೆ ಆಗೂದಿಲ್ಲ. ಮಂಗಳವಾರ ನಾ ರೋಣಕ್ಕ ಹೊಂಟೀನಿ. ನೀ ಬರ್ತಿದ್ರ ಬಾ, ಡಾಕ್ಟರನ್ನ ನೀನ ಕೇಳು."

ಕನಕರಾಜನಿಗೆ ಕೂಡುವುದೋ ಹೊರಡುವುದೋ ತಿಳಿಯಲಿಲ್ಲ. ಆಗ ಶಿವನಪ್ಪ ಕಂಬ ಬಿಟ್ಟು ಮುಂದೆ ಬಂದ. "ಮಂಗಳವಾರ ಟಂಟಂ ಹೇಳಿರ್ತೀನಿ. ಎಲ್ಲಾರೂ ಹೋಗೂಣು," ಎಂದ. ಆ ಮನೆಯಲ್ಲಿ ಆತ ಆಡಿದ ಅತಿ ಗಟ್ಟಿ ಮಾತು ಅದು.

ಮಾತು ಅಲ್ಲಿಗೆ ಮುಗಿಯಿತು ಎನ್ನುವಾಗ ತಿಪ್ಪವ್ವ ಎಲೆ ಅಡಿಕೆಯ ಚೀಲ ಬದಿಗಿಟ್ಟಳು. "ಎಲ್ಲಾ ಆತು. ಹರಕಿದೇನು? ಶ್ರಾವಣ ಇನ್ನ ಅರ್ಧ ಉಳದೈತಿ. ಕೂಸಿನ ಮ್ಯಾಲ ಹೊತ್ತ ಹರಕಿ ನಡುವ ಬಿಟ್ರ ಬೀರಪ್ಪ ಸುಮ್ಮನ ಇರ್ತಾನ? ಎರಡು ಹೋಗ್ಯಾವ, ಇದೂ ಹೋಗಬೇಕೇನು?"

ಲಕ್ಷ್ಮೀಗೂ ಅದೇ ಹೆದರಿಕೆ ಇತ್ತು. ದವಾಖಾನೆಯಿಂದ ಬಂದಾಗಿನಿಂದ ಹೊಟ್ಟೆಯಲ್ಲಿ ಕೂಸು ಹೊರಳಿದರೂ ಹೆದರುತ್ತಿದ್ದಳು, ಸುಮ್ಮನಿದ್ದರೂ ಹೆದರುತ್ತಿದ್ದಳು. ಆದರೂ ಹೇಳಿದಳು: "ಅಕ್ಕ ಇವತ್ತಿನಿಂದ ಉಪ್ಪು ಉಣ್ತಾಳ ಅತ್ತೀ. ನನ್ನ ಹೊಟ್ಟಿ ಜವಾಬ್ದಾರಿ ನಂದು. ಉಳದದ್ದು ನಾನ ಮುಗಸ್ತೀನಿ."

"ಬಸರಿ ಹೆಂಗಸು ಸಪ್ಪನ ಉಣ್ತಾಳಂತ! ನಿನಗೂ ಸಲಾಯಿನ್ ಹಚ್ಚಿಸಬೇಕೇನು?" ತಿಪ್ಪವ್ವ ಸುತ್ತ ನೋಡಿದಳು. ಮಗನ ಮೇಲೆ ಕಣ್ಣು ಬಿತ್ತು, ಆತ ಎರಡೇ ದಿನದಲ್ಲಿ ಮರೆಯುವವ. ದೊಡ್ಡ ನಿಟ್ಟುಸಿರು ಬಿಟ್ಟಳು. "ಮನಿ ಹರಕಿ ಮನಿ ಹಿರೇರು ಹೊತ್ರ ನಡೀತೈತಿ. ನಮ್ಮ ಅತ್ತಿನೂ ಹಂಗ ಮಾಡಿದ್ಲು. ನಾ ಬಿಡ್ತೀನಿ ಉಪ್ಪು. ಆ ಉಪ್ಪಿನಕಾಯಿ ಭರಣಿ ನನ್ನ ಕಣ್ಣಿಗೆ ಬೀಳದಂಗ ಎತ್ತಿಡ್ರಿ, ರಂಡೇರ."

ಮಾಳವ್ವ ನಕ್ಕಳು. ಕನಕರಾಜನೂ ನಕ್ಕ. ನಗಬಾರದಿತ್ತೇನೋ ಎಂಬಂತೆ ಕೆಮ್ಮಿದ.

ಉಳಿದ ಶ್ರಾವಣ ತಿಪ್ಪವ್ವನ ನಾಲಿಗೆ ಊಟದಲ್ಲಿ ಕಳೆದುಕೊಂಡದ್ದನ್ನು ಬೈಗುಳದಲ್ಲಿ ತೀರಿಸಿಕೊಂಡಿತು. ಆದರೆ ಹರಕೆ ಮುರಿಯಲಿಲ್ಲ. ಮಂಗಳವಾರ ಟಂಟಂನಲ್ಲಿ ಕನಕರಾಜನೂ ರೋಣಕ್ಕೆ ಹೋದ. ಡಾಕ್ಟರಬಾಯಿಯ ಮುಂದೆ ತಾನು ಕೇಳಬೇಕೆಂದಿದ್ದನ್ನೆಲ್ಲ ಕೇಳಿದ. ತಂಗಿಗೆ ಕಡಿಮೆ ಪ್ರಮಾಣದಲ್ಲಿ ಗುಳಿಗೆ ಮತ್ತೆ ಸುರುವಾಯಿತು. ಒಂದೆರಡು ತಿಂಗಳು ಗದಗಿಗೆ ಮತ್ತೆ ಮತ್ತೆ ಹೋಗಿ ರಕ್ತ ಕೊಟ್ಟು ಬಂದರು. ಕೈಯ ನಡುಕ ಪೂರ್ತಿ ಹೋಗಲು ಮಳೆಗಾಲ ಮುಗಿಯಬೇಕಾಯಿತು.

ಆ ಚಳಿಗಾಲದಲ್ಲಿ ಲಕ್ಷ್ಮೀಗೆ ಹೆಣ್ಣು ಮಗು ಹುಟ್ಟಿತು. ಬಾಣಂತನ ಮಾಡಿದವಳು ಮಾಳವ್ವ. ಎರೆಯುವುದು, ಹೊಗೆ ಹಾಕುವುದು, ತೊಟ್ಟಿಲು ತೂಗುವುದು ಎಲ್ಲ ಆಕೆಯೇ. ಆ ತಿಂಗಳುಗಳಲ್ಲಿ ಲಕ್ಷ್ಮೀ ಬಾಣಂತಿಯ ಕೋಣೆಯಿಂದಲೇ "ಅಕ್ಕಾ, ಆತೇನು?" ಎಂದು ಕೂಗುವಳು. ಮಾಳವ್ವ ಅಡಿಗೆಮನೆಯಿಂದ "ನುಂಗೀನಿ ಮಾರಾಯ್ತಿ, ಕೂಸು ಎಬ್ಬಸಬ್ಯಾಡ" ಎನ್ನುವಳು.

ಊರಿನ ಬಾಯಿ ಪೂರ್ತಿ ಮುಚ್ಚಲಿಲ್ಲ. ಸಕ್ಕೂಬಾಯಿ ಇಂದಿಗೂ ಆ ಮನೆಯ ಚಹಾ ಕುಡಿಯುವುದಿಲ್ಲ. ಹಬ್ಬದ ಹೋಳಿಗೆ ಕೊಟ್ಟರೆ ತೆಗೆದುಕೊಂಡು ಹೋಗಿ ಎಮ್ಮೆಗೆ ಹಾಕುತ್ತಾಳೆ. ಲಕ್ಷ್ಮೀಗೆ ಅದು ಗೊತ್ತು. ಆದರೂ ಪ್ರತಿ ಹಬ್ಬಕ್ಕೆ ಕೊಡುತ್ತಾಳೆ. ಮಾಳವ್ವ ತಡೆಯಲು ಹೋದರೆ, "ಅಕಿ ಎಮ್ಮಿ ಅರ ಉಣ್ಣಲಿ ಬಿಡಕ್ಕ" ಎನ್ನುತ್ತಾಳೆ.

ಅಂದು ಪಡಸಾಲೆಯಲ್ಲಿ ಆಡಿದ ಮಾತಿನಿಂದ ಆಕೆಗೆ ಕೆಟ್ಟ ಹೆಸರೂ ಬಂತು, ಇನ್ನೊಂದೂ ಬಂತು. ಮನೆಯಲ್ಲಿ ಇಂಥ ಕಾಯಿಲೆಯವರನ್ನು ಮುಚ್ಚಿಟ್ಟುಕೊಂಡವರು ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿಗೆ ಬಂದು, "ಆ ಮಂಗಳವಾ‌ರದ ಡಾಕ್ಟರ್ ಎಲ್ಲಿ ಕುಂದರ್ತಾರವ್ವ?" ಎಂದು ಕೇಳತೊಡಗಿದರು. ಓಣಿಯೆದುರು ತನ್ನ ತಪ್ಪನ್ನು ತಾನೇ ಹೇಳಿಕೊಂಡವಳು ತಮ್ಮ ಗುಟ್ಟನ್ನು ಆಡಿಕೊಂಡು ತಿರುಗಲಾರಳು ಎಂದು ಅವರಿಗೆ ಅನಿಸಿರಬೇಕು.

ಲಕ್ಷ್ಮೀ ಈಗ ತಿಂಗಳಿಗೊಮ್ಮೆ ಮಾಳವ್ವನ ಜೊತೆ ಹೊಳೆಆಲೂರಿನಿಂದ ರೋಣಕ್ಕೆ ಬಸ್ಸಿನಲ್ಲಿ ಹೋಗುತ್ತಾಳೆ. ಊರಿನ ಇನ್ನೂ ಮೂರು ಮನೆಯವರು ಆಕೆಯೊಂದಿಗೆ ಹೋಗುತ್ತಾರೆ. ಉಳಿದ ದಿನ ಹೊಲ, ಮನೆ, ಎಮ್ಮೆ ನೋಡಿಕೊಳ್ಳುತ್ತಾಳೆ, ಮಗಳನ್ನು ಅಂಗನವಾಡಿಗೆ ಬಿಟ್ಟು ಬರುತ್ತಾಳೆ. ಮಧ್ಯಾಹ್ನ ಮಾಳವ್ವ ಹೊಲದಿಂದ ಬಂದ ಮೇಲೆ ಆಕೆಯ ಜೊತೆ ಒಂದೇ ತಾಟಿನಲ್ಲಿ ಉಣ್ಣುತ್ತಾಳೆ.